ಗೊಣ್ಣೆಹುಳುವಿನ ಗುರುತು ಹಿಡಿಯುವುದು ಹೇಗೆ?

ಮುಂಗಾರಿನ ಮೊದಲ ಮಳೆಗಳು ಬಿದ್ದಾಗ, ಸಂಜೆ ಕಂದು ದುಂಬಿಗಳು ಮಣ್ಣಿನಿಂದೆದ್ದು ಬೇವು, ಜಾಲಿ ಮರಗಳಿಗೆ ಮುತ್ತುತ್ತವೆ. ರಾತ್ರಿಯೆಲ್ಲ ಎಲೆ ತಿಂದು, ಬೆಳಗಾಗುವ ಮೊದಲು ಮತ್ತೆ ಮಣ್ಣು ಸೇರುತ್ತವೆ. ಕರ್ನಾಟಕದಲ್ಲಿ ಇವುಗಳ ಒಂದು ಮುಖ್ಯ ಪ್ರಭೇದ ಹೊಲೊಟ್ರೈಕಿಯ ಸೆರೇಟ. ಇದರ ಮರಿಯೇ ಗೊಣ್ಣೆಹುಳು. ಕಬ್ಬು, ಶೇಂಗಾ, ಜೋಳದ ಬೇರುಗಳನ್ನು ಕಡಿದು ಗಿಡವನ್ನು ಒಣಗಿಸುತ್ತದೆ.

ದುಂಬಿಯ ಉದ್ದ ಸುಮಾರು 2 ಸೆಂ.ಮೀ. ಗಡಸಾದ ಮುಂದಿನ ಜೋಡಿ ರೆಕ್ಕೆಗಳು ಬೆನ್ನಿಗೆ ಕವಚ. ಹಾರುವ ತೆಳುರೆಕ್ಕೆಗಳು ಅದರಡಿ ಮಡಚಿರುತ್ತವೆ. ಮಣ್ಣು ಅಗೆಯಲು ಮುಂಗಾಲುಗಳಿಗೆ ಹಲ್ಲುಗಳಿವೆ. ಕುಡಿಮೀಸೆಯ ತುದಿಯಲ್ಲಿ ಮೂರು ಹಾಳೆಗಳಿದ್ದು, ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಬಿಚ್ಚಿದಾಗ ಗಾಳಿಗೆ ಒಡ್ಡುವ ಮೇಲ್ಮೈ ಹೆಚ್ಚುವುದರಿಂದ ವಾಸನೆಯ ಅಣುಗಳನ್ನು ಹಿಡಿಯುವುದು ಸುಲಭ. ಸ್ಕಾರಬ್ ಕುಟುಂಬದ ದುಂಬಿಗಳಿಗೆಲ್ಲ ಇಂಥ ಹಾಳೆಮೀಸೆಯೇ ಗುರುತು.

ತೊಡಕಿರುವುದು ಮರಿಯ ವಿಷಯದಲ್ಲಿ. ಬಿಳಿ ಮೈ, ಕಂದು ತಲೆ, ಮೂರು ಜೊತೆ ಕಾಲು, ಇಂಗ್ಲಿಷಿನ 'ಸಿ' ಅಕ್ಷರದಂತೆ ಬಾಗಿದ ದೇಹ: ಈ ಕುಟುಂಬದ ಬಹುತೇಕ ಮರಿಗಳು ಹೀಗೆಯೇ ಇರುತ್ತವೆ. ತಿಪ್ಪೆಯಲ್ಲಿ ಸಿಗುವ ಖಡ್ಗಮೃಗ ದುಂಬಿ ಮತ್ತು ಹೂದುಂಬಿಗಳ ಮರಿಗಳು ಕೊಳೆತ ಕಸ ತಿನ್ನುತ್ತವೆಯೇ ಹೊರತು ಹೊಲದ ಬೆಳೆಯ ಬೇರನ್ನಲ್ಲ. ಆದರೂ ಗೊಣ್ಣೆಹುಳುವೆಂದು ಬಗೆದು ಅವುಗಳ ಮೇಲೆ ವಿಷ ಸುರಿಯುವುದುಂಟು. ಹಣವೂ ಹಾಳು, ಗೊಬ್ಬರವೂ ಹಾಳು. (ಖಡ್ಗಮೃಗ ದುಂಬಿ ಬೆಳೆದ ಮೇಲೆ ತೆಂಗಿನ ಸುಳಿ ಕೊರೆಯುವುದರಿಂದ ತೆಂಗಿನ ತೋಟದವರು ಮಾತ್ರ ಅದನ್ನು ಕಡೆಗಣಿಸುವಂತಿಲ್ಲ.)

ಗುರುತಿಸಲು ಎರಡು ಸುಲಭ ಪರೀಕ್ಷೆಗಳಿವೆ.

1. ಮರಿಯನ್ನು ಸಮತಟ್ಟಾದ ಕಾಗದದ ಮೇಲೆ ಬಿಡಿ. ಬೆನ್ನ ಮೇಲೆ ಮಲಗಿ, ಕಾಲು ಮೇಲೆತ್ತಿ ತೆವಳಿದರೆ ಅದು ಹೂದುಂಬಿಯ ಮರಿ.

2. ಹಾಗೆ ತೆವಳದಿದ್ದರೆ ದೇಹದ ತುದಿಯನ್ನು ಮಸೂರದಲ್ಲಿ ನೋಡಿ. ಗುದದ್ವಾರದ ಸೀಳು ಅಡ್ಡಗೆರೆಯಂತಿದ್ದರೆ ಅದು ಖಡ್ಗಮೃಗ ದುಂಬಿಯದಿರಬಹುದು. 'ವೈ' ಅಕ್ಷರದಂತೆ ಮೂರು ಕವಲಾಗಿದ್ದರೆ ಗೊಣ್ಣೆಹುಳುವಿನ ಗುಂಪಿನದು. ಈ ಗುಂಪಿನಲ್ಲಿ ಸೀಳಿನ ಮುಂದಿರುವ ಗಿಡ್ಡ ಮುಳ್ಳುಗೂದಲುಗಳ ಜೋಡಣೆಯಿಂದ ತಜ್ಞರು ಪ್ರಭೇದವನ್ನೂ ಹೇಳಬಲ್ಲರು.

ಈ ದುಂಬಿಗೆ ವರ್ಷಕ್ಕೆ ಒಂದೇ ಪೀಳಿಗೆ. ಹೆಣ್ಣು ಮಣ್ಣಿನಲ್ಲಿ ಮೊಟ್ಟೆಯಿಡುವ ಮೊದಲೇ, ಮಳೆ ಬಿದ್ದ ಸಂಜೆಗಳಲ್ಲಿ, ಮರದ ಕೊಂಬೆ ಅಲುಗಾಡಿಸಿ ಉದುರಿದ ದುಂಬಿಗಳನ್ನು ಆರಿಸಿ ನಾಶಮಾಡಿದರೆ ಆ ವರ್ಷದ ಮರಿಗಳ ಸಂಖ್ಯೆಯೇ ಇಳಿಯುತ್ತದೆ. ಆದರೆ ಒಬ್ಬ ರೈತ ಮಾಡಿದರೆ ಸಾಲದು, ಊರೇ ಕೈಜೋಡಿಸಬೇಕು. ಕಲಬುರಗಿ ಅಂಚಿನ ಕಪನೂರದಂಥ ಊರುಗಳಲ್ಲಿ ಶಿಕ್ಷಕರು ಒಂದು ಮಸೂರ, ಒಂದು ಹಾಳೆ ಕಾಗದ ಹಿಡಿದು ಮಕ್ಕಳೊಂದಿಗೆ ತಿಪ್ಪೆಯ ಮರಿಯನ್ನೂ ಹೊಲದ ಮರಿಯನ್ನೂ ಹೋಲಿಸಿ ನೋಡಲಿ. ಮಕ್ಕಳು ಕಲಿತ ಗುರುತು ಮನೆಯ ಹೊಲಕ್ಕೂ ತಲುಪುತ್ತದೆ.