ಜಾಲದಿಂದ ಬೂಟ್ ಆಗದ ಕಂಪ್ಯೂಟರ್: ತೊಡಕಿನ ಜಾಗವನ್ನು ಗುರುತಿಸುವ ಬಗೆ

ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸುವ ಕೆಲಸವು ಒಂದೆರಡು ಕಂಪ್ಯೂಟರುಗಳ ಮಟ್ಟಿಗೆ ಪೆನ್‌ಡ್ರೈವ್‌ನಿಂದಲೇ ಮುಗಿಯುತ್ತದೆ. ಭಾಷೆ ಯಾವುದು, ಡಿಸ್ಕನ್ನು ಹೇಗೆ ಪಾಲು ಮಾಡಬೇಕು, ಪಾಸ್‌ವರ್ಡ್ ಏನು ಎಂಬ ಪ್ರಶ್ನೆಗಳಿಗೆ ಪರದೆಯ ಮುಂದೆ ಕುಳಿತವರು ಉತ್ತರಿಸುತ್ತ ಹೋದರಾಯಿತು. ಅರವತ್ತು ಮೇಜುಗಳ ಕಾಲೇಜು ಪ್ರಯೋಗಾಲಯದಲ್ಲಿ ಅಥವಾ ನೂರಾರು ಸರ್ವರುಗಳ ದತ್ತಾಂಶ ಕೇಂದ್ರದಲ್ಲಿ ಇದು ಆಗಹೋಗುವ ಮಾತಲ್ಲವಾದ್ದರಿಂದ, ಯಂತ್ರವು ತನ್ನ ಡಿಸ್ಕನ್ನು ಮುಟ್ಟದೆ ನೆಟ್‌ವರ್ಕ್ ಕೇಬಲಿನ ಮೂಲಕವೇ ಬೂಟ್ ಕಡತಗಳನ್ನು ತರಿಸಿಕೊಂಡು, ಮೊದಲೇ ಬರೆದಿಟ್ಟ ಉತ್ತರಗಳ ಕಡತವನ್ನು ಓದಿ, ಯಾರ ನೆರವೂ ಇಲ್ಲದೆ ಅಳವಡಿಕೆಯನ್ನು ಮುಗಿಸುವ ಪದ್ಧತಿ ಬಳಕೆಗೆ ಬಂದಿತು. ಇದರ ಬೇರು ಡಿಸ್ಕೇ ಇಲ್ಲದ ಗಣಕಗಳಿಗಾಗಿ 1985ರಲ್ಲಿ ರೂಪುಗೊಂಡ ಬೂಟ್‌ಪಿ ಎಂಬ ನಿಯಮಾವಳಿಯಲ್ಲಿದೆ. ಇಂದು ಬಹುತೇಕ ನೆಟ್‌ವರ್ಕ್ ಕಾರ್ಡುಗಳು ಅನುಸರಿಸುವ ಪಿಎಕ್ಸ್‌ಇ, ಅಂದರೆ ತಂತ್ರಜ್ಞರ ಬಾಯಲ್ಲಿ ‘ಪಿಕ್ಸಿ’, ಇಂಟೆಲ್ ಸಂಸ್ಥೆಯು 1999ರಲ್ಲಿ ಹೊರತಂದ 2.1ನೆಯ ಆವೃತ್ತಿಯ ವಿವರಣೆಯನ್ನು ಆಧರಿಸಿದೆ.

ಪಿಕ್ಸಿ ಬೂಟ್ ಎಂಬುದು ಒಂದೇ ಕ್ರಿಯೆಯಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಕೆಲಸಗಳ ಸರಣಿ. ಕಾರ್ಡಿನೊಳಗಿನ ಪುಟ್ಟ ಪ್ರೋಗ್ರಾಂ ಮೊದಲು ತನಗೊಂದು ಐಪಿ ವಿಳಾಸ ಬೇಕೆಂದು ಜಾಲದ ಎಲ್ಲರಿಗೂ ಕೇಳುವಂತೆ ಕೂಗು ಹಾಕುತ್ತದೆ. ವಿಳಾಸಗಳನ್ನು ಹಂಚುವ ಡಿಎಚ್‌ಸಿಪಿ ಸರ್ವರ್ ಅದಕ್ಕೆ ಓಗೊಟ್ಟು, ವಿಳಾಸದ ಜೊತೆಗೆ ಬೂಟ್ ಕಡತ ಯಾವ ಸರ್ವರಿನಲ್ಲಿದೆ, ಅದರ ಹೆಸರೇನು ಎಂಬ ಎರಡು ಸಂಗತಿಗಳನ್ನೂ ತಿಳಿಸುತ್ತದೆ. ಆಮೇಲೆ ಕಾರ್ಡು ಟಿಎಫ್‌ಟಿಪಿ ಎಂಬ ಸರಳ ಕಡತ ಸಾಗಾಣಿಕೆಯ ವಿಧಾನದಿಂದ ಆ ಕಡತವನ್ನು ತಂದು ಅದಕ್ಕೆ ಅಧಿಕಾರ ಒಪ್ಪಿಸುತ್ತದೆ. ಅದು ಕರ್ನಲ್ ಅನ್ನೂ ಆರಂಭದ ತಾತ್ಕಾಲಿಕ ಕಡತವ್ಯವಸ್ಥೆಯನ್ನೂ ಎಳೆದುಕೊಳ್ಳುತ್ತದೆ. ಕರ್ನಲ್ ಎದ್ದ ಬಳಿಕ ಅಳವಡಿಕೆಯ ಪ್ರೋಗ್ರಾಂ ಮತ್ತೊಮ್ಮೆ ಹೊಸದಾಗಿ ವಿಳಾಸ ಕೇಳಿ ಉತ್ತರಗಳ ಕಡತವನ್ನು ಹುಡುಕುತ್ತದೆ. ತೊಡಕು ಎದುರಾದಾಗ ಪರದೆಯ ಮೇಲೆ ಕಾಣುವ ಸಂಕೇತವು ಈ ಸರಣಿ ಎಲ್ಲಿ ಕಡಿಯಿತೆಂಬುದನ್ನು ಹೇಳುತ್ತದೆಯೇ ಹೊರತು ಏಕೆ ಕಡಿಯಿತೆಂಬುದನ್ನಲ್ಲ. ಈ ವ್ಯತ್ಯಾಸವನ್ನು ಮರೆತವರು ಯಂತ್ರದ ಬಯಾಸ್ ಸೆಟ್ಟಿಂಗುಗಳನ್ನು ತಿರುವಿಹಾಕುತ್ತ ಇಡೀ ಮಧ್ಯಾಹ್ನ ಕಳೆಯುವುದುಂಟು.

ಸಂಕೇತಗಳನ್ನು ಓದುವುದು ಕಷ್ಟವಲ್ಲ. ಹಳೆಯ ಬಯಾಸ್ ಯಂತ್ರಗಳಲ್ಲಿ ‘ಇ61’ ಎಂದು ಬಂದರೆ ಕೇಬಲಿನಲ್ಲಿ ಸಂಪರ್ಕವೇ ಇಲ್ಲ. ‘ಇ51’ ಎಂದರೆ ವಿಳಾಸ ಕೊಡುವವರು ಯಾರೂ ಮಾತನಾಡಲಿಲ್ಲ. ‘ಇ53’ ಎಂದರೆ ವಿಳಾಸ ಸಿಕ್ಕಿತು, ಬೂಟ್ ಕಡತದ ಹೆಸರು ಸಿಗಲಿಲ್ಲ. ‘ಇ32’ ಎಂದರೆ ಹೆಸರು ಸಿಕ್ಕಿತು, ಟಿಎಫ್‌ಟಿಪಿ ಸರ್ವರ್ ಉತ್ತರಿಸಲಿಲ್ಲ. ‘ಇ3ಬಿ’ ಎಂದರೆ ಸರ್ವರ್ ಉತ್ತರಿಸಿತು, ಆದರೆ ಆ ಹೆಸರಿನ ಕಡತ ಅಲ್ಲಿಲ್ಲ. ಇವುಗಳಲ್ಲಿ ಇ53 ಮತ್ತು ಇ3ಬಿ ಬಂದರೆ ಸಮಾಧಾನಪಡಬೇಕು, ಏಕೆಂದರೆ ಸಂರಚನೆಯ ಸಾಲುಗಳನ್ನು ನೋಡಿದರೆ ತಪ್ಪು ಹೆಚ್ಚಾಗಿ ಅಲ್ಲೇ ಸಿಗುತ್ತದೆ: 66 ಮತ್ತು 67ನೆಯ ಡಿಎಚ್‌ಸಿಪಿ ಆಯ್ಕೆಗಳು ಖಾಲಿ ಉಳಿದಿರುತ್ತವೆ, ಇಲ್ಲವೇ ಲಿನಕ್ಸ್ ಸರ್ವರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳು ಅದಲುಬದಲಾಗಿರುತ್ತವೆ. ತಲೆ ತಿನ್ನುವವು ಮೌನದ ಸಂಕೇತಗಳಾದ ಇ51 ಮತ್ತು ಇ32.

ಇ51ಕ್ಕೆ ಸರ್ವರ್ ನಿಂತುಹೋಗಿರುವುದು, ಹಂಚಲು ವಿಳಾಸಗಳು ಮುಗಿದಿರುವುದು, ಯಂತ್ರ ಮತ್ತು ಸರ್ವರ್ ಬೇರೆ ಬೇರೆ ಉಪಜಾಲಗಳಲ್ಲಿದ್ದು ನಡುವಿನ ರೌಟರ್ ಕೂಗನ್ನು ದಾಟಿಸದಿರುವುದು ಮುಂತಾದ ಕಾರಣಗಳಿವೆ. ಕೊನೆಯದಕ್ಕೆ ರೌಟರಿನಲ್ಲಿ ಡಿಎಚ್‌ಸಿಪಿ ರಿಲೇ ಎಂಬ ವ್ಯವಸ್ಥೆಯನ್ನು ತೆರೆದರೆ ಸಾಕು. ಇವೆಲ್ಲ ಸರಿಯಿದ್ದರೂ ದೋಷ ಉಳಿದರೆ ಸ್ವಿಚ್ಚಿನ ಕಡೆಗೆ ನೋಡಬೇಕಾಗುತ್ತದೆ. ಜಾಲದಲ್ಲಿ ಸುತ್ತುದಾರಿಗಳು ಉಂಟಾಗದಂತೆ ಕಾಯುವ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನದ ಮೂಲ ರೂಪದಲ್ಲಿ, ಸ್ವಿಚ್ಚಿನ ಪೋರ್ಟಿಗೆ ಕೇಬಲಿನ ಸಂಪರ್ಕ ಬಂದೊಡನೆ ಅದು ಸಂಚಾರವನ್ನು ಬಿಡುವುದಿಲ್ಲ. 15 ಸೆಕೆಂಡು ಆಲಿಸಿ, ಇನ್ನೊಂದು 15 ಸೆಕೆಂಡು ಕಲಿತು, 30 ಸೆಕೆಂಡುಗಳ ನಂತರವೇ ಬಾಗಿಲು ತೆರೆಯುತ್ತದೆ. ಇತ್ತ ಪಿಕ್ಸಿಯ ನಿಯಮದಂತೆ ಕಾರ್ಡು ನಾಲ್ಕು ಬಾರಿ ಕೂಗುತ್ತದೆ, ಒಂದೊಂದು ಕೂಗಿನ ನಂತರ ಕ್ರಮವಾಗಿ 4, 8, 16 ಮತ್ತು 32 ಸೆಕೆಂಡು ಕಾಯುತ್ತದೆ. ಲೆಕ್ಕ ಹಾಕಿದರೆ ಕೂಗುಗಳು ಬೀಳುವುದು 0, 4, 12 ಮತ್ತು 28ನೆಯ ಸೆಕೆಂಡಿಗೆ. ಬಾಗಿಲು ತೆರೆಯುವುದು 30ಕ್ಕೆ. ನಾಲ್ಕನೆಯ ಕೂಗು ಎರಡೇ ಸೆಕೆಂಡಿನಿಂದ ವ್ಯರ್ಥವಾಗಿ, ಕಾರ್ಡು ಉಳಿದ ಅರ್ಧ ನಿಮಿಷವನ್ನು ತೆರೆದ ಬಾಗಿಲಿನ ಮುಂದೆ ಸುಮ್ಮನೆ ಕಾದು ಇ51 ಎಂದು ಬರೆದು ನಿಲ್ಲುತ್ತದೆ. ಸರ್ವರಿನ ಲಾಗ್ ಕಡತದಲ್ಲಿ ಇದರ ಸುಳಿವೇ ಇರದು, ಏಕೆಂದರೆ ಕೂಗು ಅಲ್ಲಿಗೆ ತಲುಪಿಯೇ ಇಲ್ಲ. ಕಂಪ್ಯೂಟರುಗಳು ಮಾತ್ರ ಸೇರುವ ಪೋರ್ಟುಗಳನ್ನು ‘ಅಂಚಿನ ಪೋರ್ಟು’ ಎಂದು, ಸಿಸ್ಕೊ ಸ್ವಿಚ್ಚುಗಳ ಭಾಷೆಯಲ್ಲಿ ‘ಪೋರ್ಟ್‌ಫಾಸ್ಟ್’ ಎಂದು, ಗುರುತಿಸಿದರೆ ಈ ಕಾಯುವಿಕೆ ಇಲ್ಲವಾಗುತ್ತದೆ. ಹಾಗಲ್ಲದೆ ಯಂತ್ರ ಮತ್ತು ಸ್ವಿಚ್ಚಿನ ನಡುವೆ ಒಂದು ಅಗ್ಗದ ಪುಟ್ಟ ಸ್ವಿಚ್ಚನ್ನು ಇಟ್ಟೊಡನೆ ಬೂಟ್ ಆಗತೊಡಗಿತೆಂದರೆ ರೋಗ ಇದೇ ಎಂದು ತಿಳಿಯಬಹುದು, ಏಕೆಂದರೆ ಆಗ ಯಂತ್ರ ಆರಿ ಹೊತ್ತಿದರೂ ದೊಡ್ಡ ಸ್ವಿಚ್ಚಿನ ಪೋರ್ಟು ಸದಾ ತೆರೆದೇ ಇರುತ್ತದೆ.

ಇ32ರ ಹಿಂದೆ ಹೆಚ್ಚಾಗಿ ಫೈರ್‌ವಾಲ್ ಅಡಗಿರುತ್ತದೆ, ಮತ್ತು ಅದರಲ್ಲಿ ಟಿಎಫ್‌ಟಿಪಿಯ ಒಂದು ವಿಚಿತ್ರ ನಡವಳಿಕೆಯ ಪಾಲಿದೆ. ಬೇಡಿಕೆ ಹೋಗುವುದು ಸರ್ವರಿನ 69ನೆಯ ಪೋರ್ಟಿಗೆ, ಆದರೆ ಸರ್ವರ್ ಉತ್ತರ ಕಳಿಸುವುದು ಆ ಕ್ಷಣಕ್ಕೆ ಆರಿಸಿಕೊಂಡ ಬೇರೊಂದು ಪೋರ್ಟಿನಿಂದ. 69ನ್ನು ಮಾತ್ರ ತೆರೆದಿಟ್ಟ, ಟಿಎಫ್‌ಟಿಪಿಯ ಜಾಡು ಹಿಡಿಯಲಾರದ ಫೈರ್‌ವಾಲ್ ಈ ಅಪರಿಚಿತ ಸಂಭಾಷಣೆಯನ್ನು ತಡೆಯುತ್ತದೆ. ಆಗ ಸರ್ವರಿನ ಲಾಗ್ ‘ಕಡತ ಕೇಳಿದರು, ಕಳಿಸಿದೆ’ ಎನ್ನುತ್ತಿರುತ್ತದೆ, ಯಂತ್ರ ಮಾತ್ರ ‘ಉತ್ತರವಿಲ್ಲ’ ಎನ್ನುತ್ತಿರುತ್ತದೆ. ಇಬ್ಬರೂ ನಿಜ ಹೇಳುತ್ತಿರುವ ಇಂಥ ವ್ಯಾಜ್ಯದಲ್ಲಿ ಟಿಸಿಪಿಡಂಪ್ ಅಥವಾ ವೈರ್‌ಶಾರ್ಕ್‌ನಂಥ ಸಾಧನದಿಂದ 67, 68 ಮತ್ತು 69ನೆಯ ಪೋರ್ಟುಗಳ ಜೊತೆಗೆ ಆ ಯಂತ್ರದ ವಿಳಾಸಕ್ಕೆ ಸಂಬಂಧಿಸಿದ ಎಲ್ಲ ಸಂಚಾರವನ್ನೂ ತಂತಿಯ ಮೇಲೆಯೇ ಆಲಿಸುವುದು ಪರದೆಯನ್ನು ದಿಟ್ಟಿಸುವುದಕ್ಕಿಂತ ಬಹಳ ಫಲದಾಯಕ. ಟಿಎಫ್‌ಟಿಪಿ ಹುಟ್ಟಿನಿಂದಲೇ ನಿಧಾನಿ ಎಂಬುದೂ ನೆನಪಿನಲ್ಲಿರಬೇಕು: ಮೂಲ ನಿಯಮದಂತೆ ಅದು 512 ಬೈಟುಗಳ ತುಣುಕೊಂದನ್ನು ಕಳಿಸಿ, ತಲುಪಿತೆಂಬ ಮರುಮಾತು ಬಂದ ಮೇಲಷ್ಟೇ ಮುಂದಿನದನ್ನು ಕಳಿಸುತ್ತದೆ, ತುಣುಕಿನ ಸಂಖ್ಯೆ 65,535ನ್ನು ಮೀರಲಾರದ್ದರಿಂದ ಸುಮಾರು 32 ಮೆಗಾಬೈಟ್ ದಾಟಿದ ಕಡತಗಳು ಹಳೆಯ ಸರ್ವರುಗಳಲ್ಲಿ ಅರ್ಧದಾರಿಯಲ್ಲಿ ಮುಗ್ಗರಿಸುತ್ತವೆ. ದೊಡ್ಡ ತುಣುಕುಗಳಿಗೆ ಪರಸ್ಪರ ಒಪ್ಪಿಕೊಳ್ಳುವ ಸೌಲಭ್ಯ 1995ರಲ್ಲಿ ಸೇರಿತು. ಐಪಿಎಕ್ಸ್‌ಇ ಎಂಬ ಮುಕ್ತ ತಂತ್ರಾಂಶವಾದರೋ ಮೊದಲ ಚಿಕ್ಕ ಕಡತವನ್ನು ಬಿಟ್ಟು ಉಳಿದೆಲ್ಲವನ್ನೂ ಎಚ್‌ಟಿಟಿಪಿ ಮೂಲಕ ತರಿಸುತ್ತದೆ. ಇಂದು ಹೊಸದಾಗಿ ಕಟ್ಟುವವರಿಗೆ ಈ ಎರಡನೆಯ ದಾರಿಯೇ ಲೇಸು.

ಕಡತ ತಲುಪಿಯೂ ಏನೂ ನಡೆಯದಿದ್ದರೆ ತಪ್ಪು ಕಡತ ತಲುಪಿರಬಹುದು. ಹಳೆಯ ಬಯಾಸ್ ಯಂತ್ರಕ್ಕೂ ಈಗಿನ ಯುಇಎಫ್‌ಐ ಯಂತ್ರಕ್ಕೂ ಬೂಟ್ ಕಡತಗಳು ಬೇರೆ ಬೇರೆ. ಯಂತ್ರವು ತನ್ನ ಬಗೆಯನ್ನು 93ನೆಯ ಆಯ್ಕೆಯ ಮೂಲಕ ಸರ್ವರಿಗೆ ತಾನಾಗಿಯೇ ತಿಳಿಸುತ್ತದೆ, 0 ಎಂದರೆ ಬಯಾಸ್, 7 ಎಂದರೆ 64 ಬಿಟ್‌ಗಳ ಯುಇಎಫ್‌ಐ. ಡಿಎಚ್‌ಸಿಪಿ ಸಂರಚನೆಯಲ್ಲಿ ಎಲ್ಲರಿಗೂ ಒಂದೇ ಹೆಸರನ್ನು ಬರೆದಿಟ್ಟಲ್ಲಿ ಹೊಸ ಯಂತ್ರವು ಕಡತವನ್ನು ಯಶಸ್ವಿಯಾಗಿ ಇಳಿಸಿಕೊಂಡೆನೆಂದು ಹೇಳಿ, ಮರುಕ್ಷಣವೇ ಬೂಟ್ ಪಟ್ಟಿಗೆ ಹಿಂತಿರುಗುತ್ತದೆ. ಸೆಕ್ಯೂರ್ ಬೂಟ್ ಜಾರಿಯಲ್ಲಿದ್ದು ಕಡತಕ್ಕೆ ಯಂತ್ರ ನಂಬುವ ಸಹಿ ಇಲ್ಲದಿದ್ದಾಗಲೂ ಅದು ಮುಂದೆ ಸಾಗದು.

ಬಯಾಸ್ ಯಂತ್ರಗಳಲ್ಲಿ ಬಹುಬಳಕೆಯ ಪಿಎಕ್ಸ್‌ಇಲಿನಕ್ಸ್ ತನ್ನ ಸಂರಚನೆಯನ್ನು ಹುಡುಕುವ ಪರಿ ಗಮನಾರ್ಹ. ಅದು ಮೊದಲು ಯಂತ್ರದ ಅನನ್ಯ ಗುರುತಿನ ಹೆಸರಿನಲ್ಲಿ, ನಂತರ ಮ್ಯಾಕ್ ವಿಳಾಸದ ಹೆಸರಿನಲ್ಲಿ, ಆಮೇಲೆ ಐಪಿ ವಿಳಾಸವನ್ನು ಹದಿನಾರರ ಅಂಕಪದ್ಧತಿಗೆ ತಿರುಗಿಸಿದ ಹೆಸರಿನಲ್ಲಿ ಕಡತ ಕೇಳುತ್ತದೆ, 192.168.10.37 ಎಂಬ ವಿಳಾಸ ಹೀಗೆ ‘ಸಿ0ಎ80ಎ25’ ಆಗುತ್ತದೆ. ಅದೂ ಸಿಗದಿದ್ದರೆ ಬಲದಿಂದ ಒಂದೊಂದೇ ಅಕ್ಷರ ಕಳಚುತ್ತ ಹೋಗಿ ಕಡೆಗೆ ‘ಡಿಫಾಲ್ಟ್’ ಎಂಬ ಕಡತಕ್ಕೆ ಬಂದು ನಿಲ್ಲುತ್ತದೆ. ಆದ್ದರಿಂದ ಲಾಗ್‌ನಲ್ಲಿ ‘ಕಡತ ಸಿಗಲಿಲ್ಲ’ ಎಂಬ ಹತ್ತು ಸಾಲುಗಳನ್ನು ಕಂಡು ಹೌಹಾರಬೇಕಿಲ್ಲ.

ಕರ್ನಲ್ ಎದ್ದ ಮೇಲೆ ಕಥೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕರ್ನಲ್ಲಿನ ಚಾಲಕ ತಂತ್ರಾಂಶವು ಕಾರ್ಡನ್ನು ಹೊಸದಾಗಿ ಚಾಲೂ ಮಾಡುವುದರಿಂದ ಕೇಬಲಿನ ಸಂಪರ್ಕ ಒಮ್ಮೆ ಕಡಿದು ಬರುತ್ತದೆ, ಸ್ವಿಚ್ಚಿನ 30 ಸೆಕೆಂಡುಗಳೂ ಮರಳಿ ಬರುತ್ತವೆ. ಪಿಕ್ಸಿ ಹಂತದಲ್ಲಿ ವಿಳಾಸ ಸಿಕ್ಕ ಯಂತ್ರಕ್ಕೆ ಅಳವಡಿಕೆಯ ಹಂತದಲ್ಲಿ ಸಿಗದಿರುವ ಒಗಟಿಗೆ ಇದೊಂದು ಉತ್ತರ. ಆರಂಭದ ಕಡತವ್ಯವಸ್ಥೆಯಲ್ಲಿ ಆ ಕಾರ್ಡಿನ ಚಾಲಕವೇ ಇಲ್ಲದಿರುವುದು ಇನ್ನೊಂದು. ನಾಲ್ಕು ನೆಟ್‌ವರ್ಕ್ ಕಿಂಡಿಗಳಿರುವ ಸರ್ವರಿನಲ್ಲಿ ತಾನು ಯಾವ ಕಿಂಡಿಯಿಂದ ಬಂದೆನೆಂಬುದು ಕರ್ನಲ್ಲಿಗೆ ಗೊತ್ತಿರುವುದಿಲ್ಲ. ಪಿಎಕ್ಸ್‌ಇಲಿನಕ್ಸ್ ಸಂರಚನೆಯಲ್ಲಿ ‘ಐಪಿಅಪೆಂಡ್ 2’ ಎಂಬ ಸಾಲಿದ್ದರೆ ಬೂಟ್ ಆದ ಕಿಂಡಿಯ ಮ್ಯಾಕ್ ವಿಳಾಸ ಕರ್ನಲ್ಲಿಗೆ ದಾಟುತ್ತದೆ.

ಉತ್ತರಗಳ ಕಡತಕ್ಕೆ ರೆಡ್‌ಹ್ಯಾಟ್ ಪಂಗಡದಲ್ಲಿ ಕಿಕ್‌ಸ್ಟಾರ್ಟ್ ಎಂದೂ ಡೆಬಿಯನ್ನಿನಲ್ಲಿ ಪ್ರಿಸೀಡ್ ಎಂದೂ ಹೆಸರು. ಅಳವಡಿಕೆಯು ನಡುವೆ ಪ್ರಶ್ನೆ ಕೇಳಿ ನಿಂತರೆ ಕಡತ ತಲುಪಲಿಲ್ಲ, ಇಲ್ಲವೇ ಅದರಲ್ಲಿ ಆ ಉತ್ತರವಿಲ್ಲ ಎಂದೇ ಅರ್ಥ. ವೆಬ್ ಸರ್ವರಿನ ಲಾಗ್‌ನಲ್ಲಿ ಕಡತದ ಎದುರಿಗೆ 200 ಇದೆಯೋ 404 ಇದೆಯೋ ನೋಡಿದರೆ ಇವೆರಡನ್ನು ಬೇರ್ಪಡಿಸಬಹುದು. ಡೆಬಿಯನ್ ಅಳವಡಿಕೆಯಲ್ಲಿ ಆಲ್ಟ್ ಮತ್ತು ಎಫ್4 ಒತ್ತಿದರೆ ಒಳಗಿನ ಲಾಗ್ ಪರದೆಗೆ ಬರುತ್ತದೆ.

ಎಲ್ಲವೂ ಸರಿಹೋದ ಮೇಲೆ ಬರುವ ತೊಡಕೊಂದಿದೆ. ಬೂಟ್ ಕ್ರಮದಲ್ಲಿ ಜಾಲವೇ ಮೊದಲಿದ್ದು ಸರ್ವರಿನ ಸೂಚನೆ ಬದಲಾಗದಿದ್ದರೆ, ಅಳವಡಿಕೆ ಮುಗಿಸಿ ಮರಳಿ ಚಾಲೂ ಆದ ಯಂತ್ರ ಮತ್ತೆ ಜಾಲಕ್ಕೇ ಹೋಗಿ, ಈಗಷ್ಟೇ ಸಿದ್ಧವಾದ ಡಿಸ್ಕನ್ನು ಅಳಿಸಿ ಮೊದಲಿನಿಂದ ತೊಡಗುತ್ತದೆ, ತಡೆಯುವವರು ಬರುವ ತನಕ ಹಾಗೆಯೇ ಸುತ್ತುತ್ತಿರುತ್ತದೆ. ಕಾಬ್ಲರ್‌ನಂಥ ತಂತ್ರಾಂಶಗಳಲ್ಲಿ ಯಂತ್ರಕ್ಕೆ ಒಮ್ಮೆ ಮಾತ್ರ ಅಳವಡಿಕೆಯ ಅನುಮತಿ ನೀಡುವ ಸೌಲಭ್ಯ ಇರುವುದು ಇದಕ್ಕಾಗಿಯೇ. ಡಿಸ್ಕನ್ನು ಕೇಳದೆ ಅಳಿಸುವ ಸಾಲು ‘ಡಿಫಾಲ್ಟ್’ ಕಡತದಲ್ಲಿ ಕುಳಿತಿದ್ದರೆ ತಪ್ಪಿ ಜಾಲದಿಂದ ಎದ್ದ ಲೆಕ್ಕಪತ್ರ ವಿಭಾಗದ ಕಂಪ್ಯೂಟರೂ ಅದಕ್ಕೆ ಬಲಿಯಾಗುತ್ತದೆ. ಆದ್ದರಿಂದ ‘ಡಿಫಾಲ್ಟ್’ನಲ್ಲಿ ಸ್ವಂತ ಡಿಸ್ಕಿನಿಂದ ಬೂಟ್ ಆಗುವ ಸೂಚನೆಯನ್ನಷ್ಟೇ ಬರೆದು, ಅಳವಡಿಕೆಯ ಸೂಚನೆಯನ್ನು ಆಯಾ ಮ್ಯಾಕ್ ವಿಳಾಸದ ಕಡತದಲ್ಲಿಟ್ಟು, ಮೊದಲ ಪ್ರಯೋಗವನ್ನು ಕಚೇರಿಯ ಜಾಲದಿಂದ ಬೇರ್ಪಟ್ಟ ಸ್ವಿಚ್ಚಿನಲ್ಲಿ ಖಾಲಿ ಡಿಸ್ಕಿನ ಯಂತ್ರವೊಂದರ ಮೇಲೆ ನಡೆಸತಕ್ಕದ್ದು.