ಎದೆಬಡಿತದ ತಾಳ ತಪ್ಪಿದಾಗ

ಹೃದಯವು ಗಟ್ಟಿಯಾಗಿದ್ದರೂ ಅದರ ಬಡಿತದ ತಾಳ ತಪ್ಪುವುದುಂಟು. ಮನೆಯ ಗೋಡೆ, ಮಾಳಿಗೆ ಭದ್ರವಾಗಿದ್ದು ವಿದ್ಯುತ್ ತಂತಿಯಲ್ಲಿ ಮಾತ್ರ ದೋಷವಿದ್ದಂತೆ ಇದು. ಹೃದಯದೊಳಗಿನ ಒಂದು ಹೆಚ್ಚುವರಿ ಹಾದಿಯಲ್ಲಿ ವಿದ್ಯುತ್ ಸಂಜ್ಞೆಯು ಸುತ್ತತೊಡಗಿದರೆ, ನಿಮಿಷಕ್ಕೆ 60ರಿಂದ 100 ಇರಬೇಕಾದ ಬಡಿತ ಥಟ್ಟನೆ 150ನ್ನೂ ಮೀರಿ 200ರವರೆಗೆ ಏರುತ್ತದೆ; ಕೆಲವು ನಿಮಿಷ ಅಥವಾ ಗಂಟೆಗಳ ಬಳಿಕ ಅಷ್ಟೇ ಥಟ್ಟನೆ ನಿಲ್ಲುತ್ತದೆ. ವೈದ್ಯರು ಇದನ್ನು ಎಸ್.ವಿ.ಟಿ. ಎನ್ನುತ್ತಾರೆ. ಇದರ ಸಾಮಾನ್ಯ ಬಗೆಯು ಪುರುಷರಿಗಿಂತ ಮಹಿಳೆಯರಲ್ಲಿಯೇ ಹೆಚ್ಚು.

ತೊಡಕಿರುವುದು ಪತ್ತೆ ಮಾಡುವುದರಲ್ಲಿ. ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಹಚ್ಚುವ ಹೆಣ್ಣುಮಗಳಿಗೆ ಎದೆ ಹೊಡೆದುಕೊಳ್ಳತೊಡಗಿತೆನ್ನಿ. ಐವತ್ತು ಕಿಲೋಮೀಟರಿಗೂ ಮಿಗಿಲಾದ ದಾರಿ ಸಾಗಿ ಬಳ್ಳಾರಿ ಮುಟ್ಟುವಷ್ಟರಲ್ಲಿ ಬಡಿತ ಸರಿಹೋಗಿರುತ್ತದೆ. ಇ.ಸಿ.ಜಿ. ಸರಿ, ಎಕೋ ಸರಿ. ‘ಏನೂ ಇಲ್ಲ, ಮನಸ್ಸಿನ ಅಂಜಿಕೆ’ ಎಂಬ ಮಾತು ಕೇಳಿ ಮರಳುತ್ತಾಳೆ. ಗಾಳಿ ಸೋಂಕೆಂದು ತಾಯಿತ ಕಟ್ಟಿಸುವವರೂ ಉಂಟು.

ಆದಕಾರಣ ಬಡಿತ ಓಡುತ್ತಿರುವಾಗಲೇ ಅದನ್ನು ಇ.ಸಿ.ಜಿ. ಕಾಗದದ ಮೇಲೆ ಹಿಡಿಯಬೇಕು. ಸಿರುಗುಪ್ಪ, ಕುರುಗೋಡಿನವರು ಮೊದಲು ತಮ್ಮೂರಿನ ಆಸ್ಪತ್ರೆಯಲ್ಲಿಯೇ ಅದನ್ನು ತೆಗೆಸಿ, ಜೋಪಾನವಾಗಿಟ್ಟುಕೊಂಡು, ಬಳಿಕ ಬಳ್ಳಾರಿಯ ಹೃದ್ರೋಗ ತಜ್ಞರಿಗೆ ತೋರಿಸುವುದು ಲೇಸು. ಪದೇ ಪದೇ ಬರುವಂತಿದ್ದರೆ 24 ಗಂಟೆ ಮೈಮೇಲಿರುವ ಹೋಲ್ಟರ್ ಯಂತ್ರ ನೆರವಾಗುತ್ತದೆ. ಕೆಲವರಲ್ಲಿ ಮಾತ್ರ ಸುಮ್ಮನಿರುವಾಗಿನ ಇ.ಸಿ.ಜಿ.ಯೂ ಸುಳಿವು ಕೊಡುತ್ತದೆ; ಅದನ್ನು 1930ರಲ್ಲಿ ವುಲ್ಫ್, ಪಾರ್ಕಿನ್ಸನ್, ವೈಟ್ ಎಂಬ ಮೂವರು ವೈದ್ಯರು ವಿವರಿಸಿದರು.

ಚಿಕಿತ್ಸೆ ಕಠಿಣವಲ್ಲ. ಒರಗಿ ಕುಳಿತು 15 ಸೆಕೆಂಡು ಉಸಿರು ಬಿಗಿಹಿಡಿದು ಮುಕ್ಕಿ, ಕೂಡಲೇ ಅಂಗಾತ ಮಲಗಿ, ಬೇರೊಬ್ಬರಿಂದ ಕಾಲುಗಳನ್ನು 15 ಸೆಕೆಂಡು ಮೇಲೆತ್ತಿಸಿಕೊಳ್ಳುವ ಕ್ರಮವೊಂದುಂಟು. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಇದರಿಂದ ನೂರಕ್ಕೆ 43 ಜನರ ಬಡಿತ ಸರಿಹೋಯಿತು. ವೈದ್ಯರಿಂದ ಕಲಿತೇ ಇದನ್ನು ಮಾಡಬೇಕು. ನಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಅಡೆನೋಸಿನ್ ಚುಚ್ಚುಮದ್ದು ಕೊಡುತ್ತಾರೆ. ಮರಳಿ ಮರಳಿ ಬರುವವರಿಗೆ ‘ಅಬ್ಲೇಷನ್’ ಉಂಟು: ತೊಡೆಯ ರಕ್ತನಾಳದ ಮೂಲಕ ಸಣ್ಣ ನಳಿಗೆಯನ್ನು ಸಾಗಿಸಿ, ಆ ದೋಷದ ಹಾದಿಯನ್ನು ಶಾಖದಿಂದ ಮುಚ್ಚುವುದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಪೂರ್ಣ ಗುಣ ಹೊಂದುತ್ತಾರೆ. ವಿರಳವಾಗಿ ಸಹಜ ಹಾದಿಗೂ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗುವುದುಂಟಾದ್ದರಿಂದ, ವೈದ್ಯರೊಡನೆ ಮೊದಲೇ ವಿಚಾರಿಸಿಕೊಳ್ಳಬೇಕು.

ಆಗೊಮ್ಮೆ ಈಗೊಮ್ಮೆ ಒಂದು ಬಡಿತ ತಪ್ಪಿದಂತೆನಿಸುವುದು ಬಹುಮಟ್ಟಿಗೆ ನಿರಪಾಯಕರ. ಆದರೆ ಬಡಿತದೊಡನೆ ಎಚ್ಚರ ತಪ್ಪುವುದು, ಎದೆನೋವು, ಏದುಸಿರು ಕಂಡರೆ, ಅಥವಾ ವಂಶದಲ್ಲಿ ಎಳೆಯ ವಯಸ್ಸಿನಲ್ಲಿಯೇ ಹಠಾತ್ ಮರಣವಾಗಿದ್ದರೆ, ತಡಮಾಡಲಾಗದು.

ಮಗಳಿಗೆ ಎದೆರೋಗವೆಂದು ಸುದ್ದಿಯಾದರೆ ನೆಂಟಸ್ತಿಕೆ ತಪ್ಪೀತೆಂದು ಮುಚ್ಚಿಡುವ ಮನೆಗಳಿವೆ. ಗುಣವಾಗುವ ಬೇನೆಯನ್ನು ಬಚ್ಚಿಟ್ಟು, ಮಗಳನ್ನು ಬದುಕಿನುದ್ದಕ್ಕೂ ಭಯದಲ್ಲಿರಿಸುವುದು ಹೆತ್ತವರಿಗೆ ತರವಲ್ಲ.