ಸೂಪರ್‌ಹೀರೋಗಳ ಚೌಕಿಮನೆ

ಯಕ್ಷಗಾನ ನೋಡಿ ಬೆಳೆದವರಿಗೆ ಒಂದು ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಂಗಸ್ಥಳದಲ್ಲಿ ಅಬ್ಬರಿಸುವ ಬಣ್ಣದ ವೇಷ ಹುಟ್ಟುವುದು ಚೌಕಿಯಲ್ಲಿ. ಮುಖಕ್ಕೆ ಚಿಟ್ಟಿ ಇಡುವ ತಾಳ್ಮೆ, ಭಾಗವತರು ಪದ ಎತ್ತುವ ಹೊತ್ತು, ಚೆಂಡೆಯ ಪೆಟ್ಟು ಎಲ್ಲ ಸೇರಿದರೇ ಆ ರಾಕ್ಷಸ ದೊಡ್ಡವನಾಗುವುದು. ಮಳೆಗಾಲದಲ್ಲಿ ಊರಿನ ಕಲಾವಿದರು ಥಾಣೆ, ಡೊಂಬಿವಲಿಗೆ ಬಂದು ಆಡುವಾಗಲೂ ನಾವು ವೇಷಧಾರಿಯ ಜೊತೆಗೆ ಭಾಗವತರ ಹೆಸರನ್ನೂ ಕೇಳಿಯೇ ಹೋಗುತ್ತೇವೆ. ಸೂಪರ್‌ಹೀರೋ ಸಿನಿಮಾದ ವಿಷಯದಲ್ಲಿ ಮಾತ್ರ ನಾಯಕನ ಹೆಸರೊಂದೇ ಸಾಕು ನಮಗೆ.

ಕಲ್ಯಾಣದಲ್ಲಿರುವ ನನ್ನ ಅಕ್ಕನ ಮಗಳು ವಿಎಫ್‌ಎಕ್ಸ್ ಕಲಿತು ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಮನೆಗೆ ಬಂದ ನೆಂಟರು "ಎಂಥ ಕೆಲಸ ಮಾರಾಯ್ತಿ?" ಎಂದು ಕೇಳಿದರೆ ಅವಳ ಉತ್ತರ ಚಿಕ್ಕದು: "ತಂತಿ ಅಳಿಸ್ತೇನೆ." ನೆಂಟರು ನಗುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು. ನಾಯಕ ಐದು ಸೆಕೆಂಡು ಗಾಳಿಯಲ್ಲಿದ್ದರೆ 120 ಚಿತ್ರಗಳಾದವು. ಅವನನ್ನು ಎತ್ತಿ ಹಿಡಿದ ತಂತಿಯನ್ನು ಪ್ರತಿಯೊಂದರಿಂದಲೂ ತೆಗೆದು, ಅದರ ಹಿಂದೆ ಇರಬೇಕಾದ ಆಕಾಶವನ್ನೋ ಗೋಡೆಯನ್ನೋ ತುಂಬಬೇಕು. ಕೆಲಸ ಚೆನ್ನಾಗಿ ಆಯಿತೆಂದರೆ, ಅಲ್ಲಿ ಕೆಲಸ ನಡೆದಿದೆ ಎಂಬುದೇ ಯಾರಿಗೂ ಗೊತ್ತಾಗುವುದಿಲ್ಲ.

ತಂತಿ ಇರಬೇಕೋ ಬೇಡವೋ ಎಂದು ಮೊದಲೇ ತೀರ್ಮಾನಿಸುವವರು ಬೇರೆ. 2006ರ 'ಕ್ರಿಶ್' ಚಿತ್ರಕ್ಕೆ ರಾಕೇಶ್ ರೋಶನ್ ಅವರು ಸಾಹಸ ನಿರ್ದೇಶನಕ್ಕೆ ಶ್ಯಾಮ್ ಕೌಶಲ್ ಅವರ ಜೊತೆಗೆ ಹಾಂಗ್‌ಕಾಂಗ್‌ನಿಂದ ಚಿಂಗ್ ಸಿಯು-ತುಂಗ್ ಅವರನ್ನು ಕರೆಸಿದರು. ಚೀನಾದ 'ಹೀರೋ' ಚಿತ್ರದಲ್ಲಿ ಕತ್ತಿ ಹಿಡಿದವರನ್ನು ಕೆರೆಯ ನೀರಿನ ಮೇಲೆ, ಉದುರುವ ಹಳದಿ ಎಲೆಗಳ ನಡುವೆ ತೇಲಿಸಿದವರು ಇವರೇ. ಹಾಗಾಗಿ ನಮ್ಮ ಕ್ರಿಶ್ ಸೂಪರ್‌ಮ್ಯಾನ್‌ನಂತೆ ಕೈ ಚಾಚಿ ಮುಗಿಲಿಗೆ ಹಾರುವುದಿಲ್ಲ. ಓಡಿ, ಜಿಗಿದು, ಗಾಳಿಯಲ್ಲೇ ಮಗುಚಿ ಇಳಿಯುತ್ತಾನೆ. ಬೇರೆ ಸಾಹಸ ನಿರ್ದೇಶಕರು ಬಂದಿದ್ದರೆ ಅದೇ ಹೃತಿಕ್, ಅದೇ ಕಪ್ಪು ಮುಖವಾಡ ಇದ್ದೂ ನಡಿಗೆ ಬೇರೆಯಾಗುತ್ತಿತ್ತು.

ಅದಕ್ಕೂ ಮುಂಚೆ, ಕಂಪ್ಯೂಟರಿನ ಆಸರೆ ಇಲ್ಲದ ಕಾಲದಲ್ಲಿ, 1987ರಲ್ಲಿ 'ಮಿಸ್ಟರ್ ಇಂಡಿಯಾ' ಬಂತು. ಶೇಖರ್ ಕಪೂರ್ ನಿರ್ದೇಶನ, ಸಲೀಂ-ಜಾವೇದ್ ಬರವಣಿಗೆ. ಕಾಣದ ಮನುಷ್ಯನನ್ನು ಕ್ಯಾಮೆರಾದ ಕೈಚಳಕದಿಂದಲೇ ತೋರಿಸುವ ಹೊಣೆ ಪೀಟರ್ ಪೆರೇರಾ ಅವರದು. ಕೆಂಪು ಬೆಳಕಿನಲ್ಲಿ ಮಾತ್ರ ನಾಯಕ ಕಾಣುತ್ತಾನೆ ಎಂಬ ಆ ಒಂದು ನಿಯಮ ನೋಡಿ. ಅದು ಕಥೆಗೆ ಭಯ ತಂದಿತು; ಒಂದು ಕೆಂಪು ಗಾಜು ಸಿಕ್ಕರೆ ಖಳನೂ ಗೆಲ್ಲಬಹುದು. ಕಾಣದವನನ್ನು ಆಗಾಗ ಕಣ್ಣಿಗೆ ತರುವ ಸುಲಭದ ದಾರಿಯೂ ತಂತ್ರಜ್ಞರಿಗೆ ಸಿಕ್ಕಿತು. ಆ ಚಿತ್ರದ ಸಂಕಲನ ವಾಮನ್ ಭೋಂಸ್ಲೆ ಮತ್ತು ಗುರುದತ್ ಶಿರಾಲಿ ಅವರದು. ಶಿರಾಲಿ ಎಂಬ ಹೆಸರು ಕಂಡಾಗಲೆಲ್ಲ ನನಗೆ ಭಟ್ಕಳದ ಪಕ್ಕದ ಊರು ನೆನಪಾಗುತ್ತದೆ.

ದುಡ್ಡಿದ್ದರೆ ಮಾತ್ರ ಇದೆಲ್ಲ ಎನ್ನುವವರು ಕಲ್ಯಾಣದಲ್ಲಿ ರೈಲು ಹತ್ತಿ ಮನ್‌ಮಾಡ್‌ನಲ್ಲಿ ಇಳಿಯಬೇಕು. ಅಲ್ಲಿಂದ ಮುಂದೆ ಮಗ್ಗಗಳ ಊರು ಮಾಲೆಗಾಂವ್. ವಿಡಿಯೋ ಪಾರ್ಲರ್ ನಡೆಸುತ್ತಿದ್ದ ನಾಸಿರ್ ಶೇಖ್ ಅಲ್ಲಿ 'ಮಾಲೆಗಾಂವ್ ಕಾ ಸೂಪರ್‌ಮ್ಯಾನ್' ಮಾಡಿದರು. ನಾಯಕ ಮಗ್ಗದ ಕಾರ್ಮಿಕ ಶಫೀಕ್ ಶೇಖ್, ಸೊರಗಿದ ಮೈಯವರು. ಕ್ರೇನ್ ಬದಲಿಗೆ ಎತ್ತಿನ ಗಾಡಿ, ಟ್ರಾಲಿ ಬದಲಿಗೆ ಸೈಕಲ್. ಫೈಜಾ ಅಹ್ಮದ್ ಖಾನ್ ಅವರು 2008ರಲ್ಲಿ ಇದನ್ನೇ ಸಾಕ್ಷ್ಯಚಿತ್ರ ಮಾಡಿದರು; 2025ರಲ್ಲಿ ರೀಮಾ ಕಾಗ್ತಿ ಅವರ 'ಸೂಪರ್‌ಬಾಯ್ಸ್ ಆಫ್ ಮಾಲೆಗಾಂವ್' ಚಿತ್ರಮಂದಿರಕ್ಕೂ ಬಂತು. ದಷ್ಟಪುಷ್ಟ ನಾಯಕನನ್ನು ಹುಡುಕದೆ ತಮ್ಮ ನಡುವಿನವನನ್ನೇ ಆರಿಸಿದ್ದು ಆ ತಂಡದ ದೊಡ್ಡ ನಿರ್ಧಾರ. ಮಾಲೆಗಾಂವ್ ತನ್ನನ್ನೇ ಹಾರುವುದನ್ನು ಕಂಡಿತು.

ಇನ್ನು ನಮ್ಮ ಬೆಂಗಳೂರಿಗೆ ಬರೋಣ. 2025ರ ಆಗಸ್ಟ್ 28ರಂದು ಬಿಡುಗಡೆಯಾದ ಮಲಯಾಳಂ ಚಿತ್ರ 'ಲೋಕಃ' ನಡೆಯುವುದು ಅಲ್ಲೇ. ನಿರ್ದೇಶಕ ಡೊಮಿನಿಕ್ ಅರುಣ್ ಮತ್ತು ಜೊತೆಗೂಡಿ ಬರೆದ ಶಾಂತಿ ಬಾಲಚಂದ್ರನ್ ತಮ್ಮ ಸೂಪರ್‌ಹೀರೋಳನ್ನು ಕೇರಳದ ಯಕ್ಷಿ ಕಥೆಯಿಂದ ಎತ್ತಿಕೊಂಡರು. ಕಳ್ಳಿಯಂಕಾಟ್ಟು ನೀಲಿ ರಾತ್ರಿಯ ಬೆಂಗಳೂರಿನಲ್ಲಿ ಒಂಟಿಯಾಗಿ ಬದುಕುತ್ತಾಳೆ. ಛಾಯಾಗ್ರಾಹಕ ನಿಮಿಷ್ ರವಿ ಆ ರಾತ್ರಿಗೆ ಹಚ್ಚಿದ ಬಣ್ಣ, ಜೇಕ್ಸ್ ಬಿಜೋಯ್ ಅವರ ಸಂಗೀತ ಇವೆಲ್ಲ ಆ ಕಥೆಗೆ ಒಪ್ಪುವಂಥವು. ಅಜ್ಜಿ ಕಥೆಯೂ ಮಹಾನಗರವೂ ಒಂದೇ ಚೌಕಟ್ಟಿನಲ್ಲಿ ಕೂತವು.

ಇಷ್ಟು ಎಚ್ಚರದ ತಂಡದಿಂದಲೂ ಒಂದು ಮಾತು ಜಾರಿತು. ಒಂದು ಪಾತ್ರದ ಬಾಯಲ್ಲಿ ಬೆಂಗಳೂರಿನ ಹುಡುಗಿಯರನ್ನು ಹೀಗಳೆಯುವ ಸಂಭಾಷಣೆ ಇತ್ತು. ಕನ್ನಡಿಗರು ನೊಂದರು. ದುಲ್ಕರ್ ಸಲ್ಮಾನ್ ಅವರ ನಿರ್ಮಾಣ ಸಂಸ್ಥೆ ಕೂಡಲೇ ಕ್ಷಮೆ ಕೇಳಿ, ಆ ಮಾತನ್ನು ಸರಿಪಡಿಸುವುದಾಗಿ ಹೇಳಿತು. ಅದು ಖಳನ ಮಾತು ತಾನೇ ಎನ್ನಬಹುದು. ಆದರೆ ಬರೆಯುವ ಕೋಣೆಯಲ್ಲಿ ಬೆಂಗಳೂರಿನ ಒಬ್ಬ ಹುಡುಗಿ ಕುಳಿತಿದ್ದರೆ ಅದು ಮೊದಲ ಓದಿನಲ್ಲೇ ಹೋಗುತ್ತಿತ್ತು ಎಂದು ನನಗನ್ನಿಸುತ್ತದೆ. ತಂಡಕ್ಕೆ ಯಾರನ್ನು ಆರಿಸಿದರು ಎಂಬುದು ಹೇಗೋ, ಯಾರು ಇರಲಿಲ್ಲ ಎಂಬುದೂ ಹಾಗೆಯೇ ತೆರೆಯ ಮೇಲೆ ಕಾಣುತ್ತದೆ.

ಈ ಮಾತು ಹೊರನಾಡಿನಲ್ಲಿರುವ ನಮಗೂ ಸಲ್ಲುತ್ತದೆ. ಮಲಯಾಳಿಗಳಿಗೆ ಬೆಂಗಳೂರು ಹೇಗೋ ನಮಗೆ ಈ ಮುಂಬಯಿ ಹಾಗೆ. ನಮ್ಮ ಸಂಘಗಳ ನಾಟಕದಲ್ಲಿ ಮರಾಠಿ ಬಾಯಿಯ ಪಾತ್ರವೋ ಸೊಸೈಟಿಯ ಕಾರ್ಯದರ್ಶಿಯ ಪಾತ್ರವೋ ಬಂದಾಗ ಅದನ್ನು ಬರೆದ ಮೇಲೆ ಒಬ್ಬ ಮರಾಠಿ ಗೆಳೆಯನಿಗೆ ಓದಿ ಹೇಳುತ್ತೇವೆಯೇ?

ನನ್ನ ಸೊಸೆಗೆ ದುಃಖವಿರುವುದು ರಾತ್ರಿ ಪಾಳಿಯದಲ್ಲ. ಅವಳು ವಾರಗಟ್ಟಲೆ ದುಡಿದ ಚಿತ್ರದ ಕೊನೆಯಲ್ಲಿ ಕಂಪನಿಯ ಹೆಸರು ಬಂತು, ಅವಳದು ಬರಲಿಲ್ಲ. "ಹೋಗಲಿ ಬಿಡು ಮಾಮ, ತಂತಿ ಕಾಣ್ಲಿಲ್ಲ ಅಲ್ವಾ?" ಎಂದಳು. ಅವಳ ಅಮ್ಮ ಮಾತ್ರ ವಾಶಿಯ ಚಿತ್ರಮಂದಿರದಲ್ಲಿ ಹೆಸರುಗಳು ಪೂರ್ತಿ ಮುಗಿಯುವವರೆಗೂ ಎದ್ದಿರಲಿಲ್ಲ. ಕಸ ಗುಡಿಸುವವರು ಬಂದು ಪಕ್ಕದಲ್ಲಿ ನಿಂತಿದ್ದರು.